ಬಚ್ಚಿಟ್ಟವರ ಕಾಗದ, ಬಚ್ಚಿಡಲು ಜಾಗವಿಲ್ಲದವರ ಕಥೆ

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ಹತ್ತಿರ ಶಿಬ್ಡೆನ್ ಹಾಲ್ ಎಂಬ ಹಳೆಯ ಜಮೀನ್ದಾರಿ ಮನೆಯಿದೆ. ಆ ಮನೆಯ ಕೊನೆಯ ಒಡೆಯ ಜಾನ್ ಲಿಸ್ಟರ್, ತನ್ನ ವಂಶದ ಆನ್ ಲಿಸ್ಟರ್ ಎಂಬಾಕೆ ಬರೆದಿಟ್ಟ ದಿನಚರಿಗಳನ್ನು ಓದಿ, ಹತ್ತು ಜನರ ಮುಂದಿಡಬಹುದಾದ ಭಾಗಗಳನ್ನು ಊರಿನ ಪತ್ರಿಕೆಯಲ್ಲಿ ಕಂತುಕಂತಾಗಿ ಅಚ್ಚು ಹಾಕಿಸಿದ್ದ. ಕಲ್ಲಿದ್ದಲ ಗಣಿ, ಚುನಾವಣೆ, ಗೇಣಿ, ಮಳೆ, ನೆಂಟರ ಜಗಳ. ಆದರೆ ಒಟ್ಟು ಬರಹದ ಸುಮಾರು ಆರನೆಯ ಒಂದು ಪಾಲು ಸಂಕೇತಲಿಪಿಯಲ್ಲಿತ್ತು. ಗ್ರೀಕ್ ಅಕ್ಷರಗಳು, ಅಂಕಿಗಳು, ಬೀಜಗಣಿತದ ಚಿಹ್ನೆಗಳು ಎಲ್ಲ ಬೆರೆತು, ಪದಕ್ಕೂ ಪದಕ್ಕೂ ನಡುವೆ ಜಾಗವೇ ಇಲ್ಲದೆ ಸಾಲುಗಟ್ಟಿದ್ದವು.

1890ರ ದಶಕದ ಒಂದು ರಾತ್ರಿ ಜಾನ್ ಮತ್ತು ಅವನ ಗೆಳೆಯ ಆರ್ಥರ್ ಬರೆಲ್ ಆ ಗಂಟನ್ನು ಬಿಚ್ಚಲು ಕುಳಿತರು. ಎರಡು ಅಕ್ಷರಗಳ ಬಗ್ಗೆ ಅವರಿಗೆ ಮೊದಲೇ ಊಹೆಯಿತ್ತು. ಕಾಗದಗಳ ನಡುವೆ ಸಿಕ್ಕ ಚೂರೊಂದರಲ್ಲಿ 'ದೇವರಲ್ಲಿಯೇ ನನ್ನ' ಎಂಬರ್ಥದ ಮಾತು ಮಾಮೂಲಿ ಲಿಪಿಯಲ್ಲಿತ್ತು, ಅದರ ಮುಂದೆ ನಾಲ್ಕು ಗೂಢಾಕ್ಷರಗಳಿದ್ದವು. ಅಲ್ಲಿ 'ಭರವಸೆ' ಎಂಬರ್ಥದ ನಾಲ್ಕಕ್ಷರದ ಇಂಗ್ಲಿಷ್ ಪದವಲ್ಲದೆ ಬೇರೇನೂ ಕೂರುವಂತಿರಲಿಲ್ಲ. ಆ ನಾಲ್ಕು ಅಕ್ಷರಗಳನ್ನು ಹಿಡಿದುಕೊಂಡು ಉಳಿದ ಲಿಪಿಯನ್ನೆಲ್ಲ ಅವರು ಅದೇ ರಾತ್ರಿ ಒಡೆದರು.

ಓದಿದ್ದೇ ತಡ ಬರೆಲ್ ಕಂಗಾಲಾದ. ಆನ್ ಲಿಸ್ಟರ್ ಹೆಂಗಸರನ್ನು ಪ್ರೀತಿಸಿದ್ದಳು. ಯಾರನ್ನು, ಯಾವಾಗ, ಹೇಗೆ ಎಂಬುದನ್ನೆಲ್ಲ ಗಣಿಯ ಲೆಕ್ಕ ಬರೆದಷ್ಟೇ ಶಿಸ್ತಿನಿಂದ ಬರೆದಿಟ್ಟಿದ್ದಳು. ಎಲ್ಲವನ್ನೂ ಸುಟ್ಟುಬಿಡು ಎಂದು ಬರೆಲ್ ಗೆಳೆಯನಿಗೆ ಹೇಳಿದ. ಜಾನ್ ಸುಡಲಿಲ್ಲ, ಪ್ರಕಟಿಸಲೂ ಇಲ್ಲ. ಗೋಡೆಗೆ ಹೊದಿಸಿದ್ದ ಮರದ ಹಲಗೆಯ ಹಿಂದೆ ಸಂಪುಟಗಳನ್ನು ಇಟ್ಟು ಮುಚ್ಚಿದ. 1933ರಲ್ಲಿ ಅವನು ತೀರಿಕೊಂಡ ಮೇಲೆ ಮನೆ ಊರಿನವರ ಪಾಲಾಯಿತು, ಕಾಗದಗಳು ಗ್ರಂಥಾಲಯ ಸೇರಿದವು. ಲಿಪಿಯ ಕೀಲಿಯನ್ನು ಬರೆಲ್ ಗ್ರಂಥಾಲಯಕ್ಕೆ ಒಪ್ಪಿಸಿದ. ಆಮೇಲಿನ ಅರ್ಧ ಶತಮಾನ ಓದಿದ ಕೆಲವರಿಗೆ ವಿಷಯ ಗೊತ್ತಿತ್ತು, ಗೊತ್ತಿದ್ದವರು ಅದನ್ನು ಬಾಯಿಬಿಟ್ಟು ಬರೆಯಲಿಲ್ಲ. 1980ರ ದಶಕದಲ್ಲಿ ಹೆಲೆನಾ ವಿಟ್‌ಬ್ರೆಡ್ ಎಂಬ ಅದೇ ಊರಿನ ಮಹಿಳೆ ಪುಟಗಳ ನಕಲು ಮಾಡಿಸಿಕೊಂಡು ಮನೆಯಲ್ಲಿ ಕುಳಿತು ಒಂದೊಂದೇ ಸಾಲು ಬಿಡಿಸಿದರು. 1988ರಲ್ಲಿ ಮೊದಲ ಆಯ್ಕೆ ಪುಸ್ತಕವಾಗಿ ಬಂತು.

ಬಂದಾಗ ಅದನ್ನು ಕೆಲವರು ನಕಲಿ ಎಂದುಕೊಂಡರು. ಯಾರೋ ಈ ಕಾಲದವರು ಬರೆದು ಹಳೆಯ ಹೆಸರಿನಲ್ಲಿ ಹೊರತಂದಿದ್ದಾರೆ, ಇಷ್ಟು ಬಿಚ್ಚುಮಾತಿನಲ್ಲಿ ಹತ್ತೊಂಬತ್ತನೆಯ ಶತಮಾನದ ಜಮೀನ್ದಾರಿಣಿ ಬರೆಯಲು ಸಾಧ್ಯವೇ ಎಂದು. ಈ ಅನುಮಾನ ನನ್ನನ್ನು ಬಹಳ ಕಾಡಿದೆ. ನಿಜವಾದ ಕಾಗದ ಸಿಕ್ಕಾಗ ಜನ ಅದನ್ನು ಕಾದಂಬರಿ ಎಂದರು. ಅತ್ತ, ಸಲಿಂಗ ಪ್ರೇಮದ ಐತಿಹಾಸಿಕ ಕಾದಂಬರಿ ಬರೆಯುವವರು ದಶಕಗಳಿಂದ ತಮ್ಮ ಕಾದಂಬರಿಯನ್ನು 'ಸಿಕ್ಕ ಕಾಗದ' ಎಂದು ನಂಬಿಸಲು ಹೆಣಗುತ್ತಿದ್ದಾರೆ. ಅಟ್ಟದ ಮೇಲಿನ ಪೆಟ್ಟಿಗೆ, ಪುಸ್ತಕದ ನಡುವೆ ಉಳಿದ ಪ್ರೇಮಪತ್ರ, ಗ್ರಂಥಾಲಯ ಕಸಕ್ಕೆ ಹಾಕಿದ ಹಸ್ತಪ್ರತಿ. ಈ ಬಗೆಯ ಪುಸ್ತಕಗಳನ್ನು ನಾನು ಆಸೆಯಿಂದ ಹುಡುಕಿ ಓದುತ್ತೇನೆ. ಓದುತ್ತಾ ಹೋದಂತೆ ಒಂದು ತಕರಾರೂ ಬೆಳೆದಿದೆ.

ಸಿಕ್ಕ ಹಸ್ತಪ್ರತಿಯ ತಂತ್ರ ಹೊಸದೇನಲ್ಲ. ಡಾನ್ ಕ್ವಿಕ್ಸಾಟನ ಕಥೆ ಅರಬ್ಬಿ ಇತಿಹಾಸಕಾರನೊಬ್ಬನ ಹಸ್ತಪ್ರತಿಯಿಂದ ಬಂದದ್ದೆಂದು ಸರ್ವಾಂಟಿಸ್ ಹೇಳಿಕೊಂಡ. ಅದು ಕಣ್ಣು ಮಿಟುಕಿಸುವ ಆಟ, ಲೇಖಕನಿಗೂ ಗೊತ್ತು, ಓದುಗನಿಗೂ ಗೊತ್ತು. ನಮ್ಮಲ್ಲಿ ಅದನ್ನು ಇನ್ನೂ ಗಂಭೀರವಾಗಿ ಆಡಿದವನು ಮುದ್ದಣ. ಉಡುಪಿಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ ತನ್ನ ಕೃತಿಗಳನ್ನು ಯಾವುದೋ ಹಳೆಯ ಕವಿಯವೆಂಬಂತೆ ಮೈಸೂರಿಗೆ ಕಳುಹಿಸಿದ. ಪಂಡಿತರು ಹಳಗನ್ನಡದ ಹದ ಕಂಡು ನಂಬಿದರು. 1901ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ಅವನು ತೀರಿಕೊಂಡ. ಹಳೆಯದಕ್ಕೆ ಸಿಗುವ ಮನ್ನಣೆ ಹೊಸಬನಿಗೆ ಸಿಗದು ಎಂಬ ಲೆಕ್ಕಾಚಾರ ಅವನದು, ಅದು ತಪ್ಪೂ ಆಗಿರಲಿಲ್ಲ.

ಕ್ವಿಯರ್, ಅಂದರೆ ಸಲಿಂಗ ಪ್ರೇಮದ, ಲಿಂಗ ಅಲ್ಪಸಂಖ್ಯಾತರ ಕಥೆ ಹೇಳುವ ಕಾದಂಬರಿಕಾರರು ಇದೇ ತಂತ್ರಕ್ಕೆ ಕೈ ಹಾಕುವಾಗ ಮನ್ನಣೆಯ ಆಸೆಯಿಂದ ಹಾಕುವುದಿಲ್ಲ. ಅಲ್ಲಿ ಸುಟ್ಟ ಕಾಗದಗಳಿವೆ. ಬರೆಲ್‌ನಂಥ ಸಲಹೆಗಾರರು ಎಲ್ಲ ಮನೆಗಳಲ್ಲೂ ಇದ್ದರು. ಜಾನ್‌ನಂಥ ಅಂಜುಬುರುಕ ಧೈರ್ಯವಂತರು ಎಲ್ಲೋ ಒಬ್ಬರು. ಹಾಗಾಗಿ ಕಾದಂಬರಿಯಲ್ಲಿ ಹಸ್ತಪ್ರತಿ ಸಿಗುವುದೆಂದರೆ, ಇದ್ದೂ ಇಲ್ಲವಾದದ್ದನ್ನು ಮತ್ತೆ ಇದೆ ಎನ್ನುವುದು. ಅದರಲ್ಲಿ ಆಟ ಕಡಿಮೆ, ಹಟ ಹೆಚ್ಚು.

ಈ ಹಟದ ಅತ್ಯಂತ ಸುಂದರ ಉದಾಹರಣೆ ಮಾರ್ಗರೀತ್ ಯೂರ್ಸನಾರ್ 1951ರಲ್ಲಿ ಫ್ರೆಂಚ್‌ನಲ್ಲಿ ಪ್ರಕಟಿಸಿದ, ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ಕಾದಂಬರಿ. ಹೇಡ್ರಿಯನ್ ನಿಜವಾಗಿಯೂ ಆತ್ಮಕಥೆ ಬರೆದಿದ್ದ, ಅದು ಕಳೆದುಹೋಗಿದೆ. ಅವನು ಪ್ರೀತಿಸಿದ ಆಂಟಿನೋಸ್ ಎಂಬ ತರುಣ ಕ್ರಿ.ಶ. 130ರಲ್ಲಿ ನೈಲ್ ನದಿಯಲ್ಲಿ ಮುಳುಗಿ ಸತ್ತ. ಚಕ್ರವರ್ತಿ ಅವನ ಹೆಸರಿನಲ್ಲಿ ನಗರ ಕಟ್ಟಿಸಿದ, ಅವನನ್ನು ದೇವರಾಗಿಸಿದ, ಸಾಮ್ರಾಜ್ಯದ ತುಂಬ ಅವನ ಪ್ರತಿಮೆಗಳನ್ನು ನಿಲ್ಲಿಸಿದ. ಕಲ್ಲು ಉಳಿಯಿತು, ಮಾತು ಉಳಿಯಲಿಲ್ಲ. ಯೂರ್ಸನಾರ್ ಆ ಮಾತನ್ನು ಸಾಯುವ ಹೊತ್ತಿನ ಚಕ್ರವರ್ತಿ ಬರೆದ ದೀರ್ಘ ಪತ್ರವಾಗಿ ಕಟ್ಟಿದರು. ಇಪ್ಪತ್ತರ ವಯಸ್ಸಿನಲ್ಲಿ ಶುರುಮಾಡಿದ್ದರು, ಬರೆದದ್ದನ್ನು ನಾಶ ಮಾಡಿದರು, ಮತ್ತೆ ಬರೆದರು, ಕೈಬಿಟ್ಟರು. ಎರಡನೆಯ ಮಹಾಯುದ್ಧ ಬಂತು, ಅವರು ಅಮೆರಿಕಕ್ಕೆ ಹೋಗಿ ಗ್ರೇಸ್ ಫ್ರಿಕ್ ಜೊತೆ ನೆಲೆಸಿದರು. ಯುದ್ಧಕ್ಕೆ ಮುಂಚೆ ಸ್ವಿಟ್ಸರ್‌ಲೆಂಡಿನಲ್ಲಿ ಬಿಟ್ಟಿದ್ದ ಪೆಟ್ಟಿಗೆಯೊಂದು 1948ರ ಕೊನೆಗೆ ಅವರನ್ನು ಹುಡುಕಿಕೊಂಡು ಬಂತು. ಬೆಂಕಿಯ ಪಕ್ಕ ಕುಳಿತು ಹಳೆಯ ಪತ್ರಗಳನ್ನು ಓದಿ ಓದಿ ಬೆಂಕಿಗೆ ಹಾಕುತ್ತಿರುವಾಗ ಹಳದಿಗಟ್ಟಿದ ನಾಲ್ಕೈದು ಹಾಳೆಗಳು ಕೈಗೆ ಬಂದವು. 'ಪ್ರಿಯ ಮಾರ್ಕ್' ಎಂದು ಆರಂಭ. ಈ ಮಾರ್ಕ್ ಯಾರು, ಯಾವ ಗೆಳೆಯ, ಯಾವ ದೂರದ ನೆಂಟ ಎಂದು ಯೋಚಿಸಿದರಂತೆ. ಕೆಲ ನಿಮಿಷಗಳ ಮೇಲೆ ಹೊಳೆಯಿತು: ಮಾರ್ಕ್ ಎಂದರೆ ಮುಂದೆ ರೋಮಿನ ಚಕ್ರವರ್ತಿಯಾದ ಮಾರ್ಕಸ್ ಅರೇಲಿಯಸ್, ಪತ್ರ ಬರೆದವನು ಹೇಡ್ರಿಯನ್, ಹಾಳೆ ತನ್ನದೇ ಕಳೆದುಹೋದ ಕರಡು.

ಇದನ್ನು ಅವರೇ ಬರೆದುಕೊಂಡಿದ್ದಾರೆ. ಪೂರ್ತಿ ನಂಬಬೇಕೋ ಬೇಡವೋ ಎಂಬ ಚೇಷ್ಟೆಯ ಅನುಮಾನ ನನಗಿದೆ, ಅಷ್ಟು ಚೆನ್ನಾಗಿದೆ ಈ ಕಥೆ. ಅದೇನೇ ಇರಲಿ, ಕಾದಂಬರಿಯ ಬಲ ಪೆಟ್ಟಿಗೆಯಿಂದ ಬಂದದ್ದಲ್ಲ. ಆಂಟಿನೋಸ್ ಯಾಕೆ ಸತ್ತ ಎಂಬುದು ಹೇಡ್ರಿಯನ್‌ಗೆ ಕೊನೆಯವರೆಗೂ ಪೂರ್ತಿ ತಿಳಿಯುವುದಿಲ್ಲ. ಜಗತ್ತನ್ನು ಆಳಿದವನಿಗೆ ತನ್ನ ಪಕ್ಕದಲ್ಲಿ ಮಲಗಿದವನ ಮನಸ್ಸು ಓದಲು ಬರಲಿಲ್ಲ. ಮುನ್ನೂರು ಪುಟ ಮಾತಾಡುವವನ ಪಕ್ಕದಲ್ಲಿ ಮಾತೇ ಆಡದ ಒಬ್ಬನಿದ್ದಾನೆ ಎಂಬುದನ್ನು ಯೂರ್ಸನಾರ್ ಓದುಗರಿಗೆ ಮರೆಯಲು ಬಿಡುವುದಿಲ್ಲ.

ಚಕ್ರವರ್ತಿಗಳನ್ನು, ಜಮೀನ್ದಾರರನ್ನು ಬಿಟ್ಟರೆ ಉಳಿದವರ ಬಗ್ಗೆ ನಮಗೆ ಸಿಗುವ ಕಾಗದ ಯಾವುದು? ಬಹುಪಾಲು ಪೊಲೀಸು, ಕೋರ್ಟು, ಗಲ್ಲು. 1726ರ ಫೆಬ್ರವರಿಯಲ್ಲಿ ಲಂಡನ್ನಿನ ಮಾರ್ಗರೆಟ್ ಕ್ಲಾಪ್ ಎಂಬಾಕೆಯ ಮನೆಗೆ ದಾಳಿಯಾಯಿತು. ಗಂಡಸರನ್ನು ಪ್ರೀತಿಸುವ ಗಂಡಸರು ಅಲ್ಲಿ ಸೇರುತ್ತಿದ್ದರು, ಕುಣಿಯುತ್ತಿದ್ದರು, ತಮ್ಮೊಳಗೇ ಮದುವೆಯ ಆಟ ಆಡುತ್ತಿದ್ದರು. ಮೇ ತಿಂಗಳಲ್ಲಿ ಮೂವರನ್ನು ಟೈಬರ್ನ್‌ನಲ್ಲಿ ನೇಣಿಗೆ ಹಾಕಿದರು. ಅವರ ನಗು, ಹಾಡು, ಒಬ್ಬರನ್ನೊಬ್ಬರು ಕರೆದುಕೊಳ್ಳುತ್ತಿದ್ದ ಹೆಸರುಗಳು ನಮಗೆ ತಲುಪಿರುವುದು ಸಾಕ್ಷಿ ಹೇಳಿದ ಗೂಢಚಾರರ ಬಾಯಿಂದ. ಇಂಗ್ಲೆಂಡಿನಲ್ಲಿ ಈ ಅಪರಾಧಕ್ಕಾಗಿ ಕೊನೆಯ ಗಲ್ಲು 1835ರಲ್ಲಿ ಆಯಿತು. ಅದೇ ಹೊತ್ತಿಗೆ ಆನ್ ಲಿಸ್ಟರ್ ಪಕ್ಕದ ಎಸ್ಟೇಟಿನ ಆನ್ ವಾಕರ್ ಜೊತೆ ಶಿಬ್ಡೆನ್ ಹಾಲ್‌ನಲ್ಲಿ ಸಂಸಾರ ಹೂಡಿ ಒಂದು ವರ್ಷ ದಾಟಿತ್ತು. ಕಾನೂನಿಗೆ ಗಂಡಸರ ಕೂಟ ಮಾತ್ರ ಕಾಣುತ್ತಿತ್ತು. ಹಾಗಾಗಿ ಗಂಡಸರ ಇತಿಹಾಸ ಕೋರ್ಟಿನ ಕಡತದಲ್ಲಿ ಸಿಗುತ್ತದೆ, ಹೆಂಗಸರದು ಸಿಕ್ಕರೆ ದಿನಚರಿಯಲ್ಲಿ, ಪತ್ರದಲ್ಲಿ, ಇಲ್ಲವಾದರೆ ಎಲ್ಲಿಯೂ ಇಲ್ಲ.

ನಮ್ಮದೇ ಮೈಸೂರಿನಲ್ಲಿ 1905ರಲ್ಲಿ ಬೆಳಕಿಗೆ ಬಂದ ಓಲೆಗರಿಯ ಕಥೆಯೂ ಇದೇ ಜಾತಿಯದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಓರಿಯಂಟಲ್ ಲೈಬ್ರರಿಗೆ ಗ್ರಂಥಲಿಪಿಯ ಓಲೆಗಳ ಕಟ್ಟೊಂದನ್ನು ಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿದವರು ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಪಠ್ಯ ಅಚ್ಚಾಯಿತು. ಇಪ್ಪತ್ತನೆಯ ಶತಮಾನದ ದೊಡ್ಡ ಹಸ್ತಪ್ರತಿ ಶೋಧಗಳಲ್ಲಿ ಅದೊಂದು, ಆ ಬಗ್ಗೆ ನಮ್ಮ ಹೆಮ್ಮೆಗೆ ಕೊರತೆಯಿಲ್ಲ. ಅದರೊಳಗೆ ಗಂಡಸು ಗಂಡಸನ್ನು ಕೂಡುವ ಪ್ರಸ್ತಾಪವೂ ಇದೆ. ಎಲ್ಲಿ ಎಂದರೆ ದಂಡಗಳ ಪಟ್ಟಿಯಲ್ಲಿ. ಪೂರ್ವಸಾಹಸ ದಂಡ, ಅಂದರೆ ಮೂರು ಹಂತಗಳಲ್ಲಿ ಕೆಳಗಿನದು, 48ರಿಂದ 96 ಪಣ. ಮುಂದೆ ಬ್ರಿಟಿಷರು ದಂಡಸಂಹಿತೆಯ 377ನೇ ಕಲಮಿನಲ್ಲಿ ಇದಕ್ಕೇ ವಿಧಿಸಿದ ಜೀವಾವಧಿಗೆ ಹೋಲಿಸಿದರೆ ಇದು ಚಿಲ್ಲರೆ ಮೊತ್ತ ಎಂದು ಸಮಾಧಾನಪಡುವವರಿದ್ದಾರೆ. ಇರಲಿ. ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ: ಈ ದಂಡ ಕಟ್ಟಿದವನೊಬ್ಬ ಇದ್ದಿರಬೇಕಲ್ಲ, ಅವನ ಬಗ್ಗೆ ನಮಗೆ ಉಳಿದಿರುವುದು ದಂಡದ ದರ ಮಾತ್ರ.

ಇಂಥ ಕಡತವನ್ನು ತಿರುಗಿಸಿ ಬರೆದ ಕಾದಂಬರಿ ಜಾರ್ಡಿ ರೋಸನ್‌ಬರ್ಗ್ 2018ರಲ್ಲಿ ಬರೆದ, ಲಂಡನ್ನಿನ ಕಳ್ಳ ಜ್ಯಾಕ್ ಶೆಪರ್ಡ್‌ನ ಕಥೆ. ಜ್ಯಾಕ್ ನಿಜವಾಗಿ ಬದುಕಿದ್ದವನು. 1724ರ ಒಂದೇ ವರ್ಷದಲ್ಲಿ ನಾಲ್ಕು ಸಲ ಸೆರೆಯಿಂದ ತಪ್ಪಿಸಿಕೊಂಡು ಜನರ ಕಣ್ಮಣಿಯಾದ, ಅದೇ ನವೆಂಬರ್ 16ರಂದು ಗಲ್ಲಿಗೇರಿದ. ಕಾದಂಬರಿಯಲ್ಲಿ ವೋತ್ ಎಂಬ ಟ್ರಾನ್ಸ್ ಪ್ರಾಧ್ಯಾಪಕನಿಗೆ ಜ್ಯಾಕ್‌ನ ತಪ್ಪೊಪ್ಪಿಗೆಯ ಹಸ್ತಪ್ರತಿ ಸಿಗುತ್ತದೆ. ಅದರ ಪ್ರಕಾರ ಜ್ಯಾಕ್ ಹುಟ್ಟಿನಿಂದ ಹೆಣ್ಣೆಂದು ಕರೆಸಿಕೊಂಡವನು, ಅವನ ಗೆಳತಿ ಬೆಸ್ ಹಡಗಿನ ಕೂಲಿಯಾಗಿ ಬಂದ ದಕ್ಷಿಣ ಏಷ್ಯಾದವನ ಮಗಳು. ವೋತ್ ಅಡಿಟಿಪ್ಪಣಿ ಬರೆಯುತ್ತಾ ಹೋಗುತ್ತಾನೆ, ಟಿಪ್ಪಣಿಗಳು ಬೆಳೆದು ಬೆಳೆದು ಅವನದೇ ಇನ್ನೊಂದು ಕಾದಂಬರಿಯಾಗುತ್ತವೆ. ಹಸ್ತಪ್ರತಿಯ ಮೇಲೆ ಕಣ್ಣಿಟ್ಟ ಕಂಪನಿಗೆ ಬೇಕಾಗಿರುವುದು ಜ್ಯಾಕ್‌ನ ದೇಹದ ವಿವರ. ಓದುಗನ ಕುತೂಹಲವೂ ಆ ಕಂಪನಿಯ ಕುತೂಹಲಕ್ಕಿಂತ ಬಹಳ ಬೇರೆಯಲ್ಲ ಎಂದು ಕಾದಂಬರಿ ಚುಚ್ಚುತ್ತದೆ. ಅಷ್ಟು ಚುಚ್ಚಿಸಿಕೊಂಡ ಮೇಲೂ ಆ ವಿವರ ನಮಗೆ ಸಿಗುವುದಿಲ್ಲ.

ಈ ಪುಸ್ತಕ ನನಗೆ ಪೂರ್ತಿ ಹಿಡಿಸಲಿಲ್ಲ ಎಂದು ಹೇಳಿಬಿಡಬೇಕು. ಕಳ್ಳರ ಆಡುನುಡಿಯ ಸೊಗಸಿಗೆ ಮನಸೋತೆ. ಆದರೆ ಅಡಿಟಿಪ್ಪಣಿಗಳಲ್ಲಿ ಸಿದ್ಧಾಂತದ ಪಾಠ ಶುರುವಾದಾಗಲೆಲ್ಲ ಸೆಮಿನಾರಿನ ಮಧ್ಯಾಹ್ನದ ಅಧಿವೇಶನದಲ್ಲಿ ಕುಳಿತಂತಾಯಿತು. ಹಸ್ತಪ್ರತಿಯಲ್ಲಿ ಎಲ್ಲವೂ ನಮ್ಮ ಕಾಲದ ಒಳ್ಳೆಯ ಅಭಿಪ್ರಾಯಗಳಿಗೆ ತಾಳೆಯಾಗುತ್ತದೆ. ಬಂಡವಾಳಶಾಹಿ ಕೆಟ್ಟದ್ದು, ಪೊಲೀಸು ಕೆಟ್ಟದ್ದು, ಪ್ರೇಮಿಗಳು ಮುಕ್ತರು. ಅದು ನಕಲಿ ಎಂಬುದು ವೋತ್‌ಗೂ ಒಂದು ಹಂತದಲ್ಲಿ ಗೊತ್ತಾಗುತ್ತದೆ, ಅದನ್ನೂ ಲೇಖಕ ಮೊದಲೇ ಯೋಚಿಸಿದ್ದಾನೆ, ಬುದ್ಧಿವಂತ. ಆದರೂ ನಿಜವಾದ ಹಳೆಯ ಕಾಗದಕ್ಕೆ ಒಂದು ಒರಟುತನವಿರುತ್ತದೆ. ಅದು ನಮ್ಮನ್ನು ಮೆಚ್ಚಿಸಲು ಬರೆದದ್ದಲ್ಲ.

ಆನ್ ಲಿಸ್ಟರ್‌ಳನ್ನೇ ನೋಡಿ. ಐವತ್ತು ಲಕ್ಷದಷ್ಟು ಪದಗಳ ಆ ದಿನಚರಿಯನ್ನು ಓದಲು ಹೋದ ಇಂದಿನ ಅಭಿಮಾನಿಗೆ ಒಂದೊಂದೇ ಏಟು ಬೀಳುತ್ತದೆ. ಆಕೆ ಕಟ್ಟಾ ಟೋರಿ, ಅಂದರೆ ಸಂಪ್ರದಾಯವಾದಿ ಪಕ್ಷದವಳು. ತನಗೆ ಮತದ ಹಕ್ಕಿಲ್ಲದಿದ್ದರೂ ಗೇಣಿದಾರರು ಯಾರಿಗೆ ಮತ ಹಾಕಬೇಕೆಂದು ಒತ್ತಡ ಹೇರಿದವಳು. ಅಂತಸ್ತಿನಲ್ಲಿ ತನಗಿಂತ ಕೆಳಗಿನವರನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ಪ್ರೇಮದಲ್ಲೂ ಲೆಕ್ಕಾಚಾರ: ಯಾರಿಗೆ ಎಷ್ಟು ಆದಾಯ, ಯಾರ ಜೊತೆ ಬಾಳಿದರೆ ಎಸ್ಟೇಟು ಉದ್ಧಾರವಾದೀತು. ಯಾವ ಕಾದಂಬರಿಕಾರನೂ ತನ್ನ ನಾಯಕಿಗೆ ಇಷ್ಟು ಅವಗುಣಗಳನ್ನು ಕೈಯಾರೆ ಕೊಡಲಾರ. ಆಕೆಯ ಬರಹ ಉಳಿಯಲು ಈ ಅಂತಸ್ತೇ ಕಾರಣ ಎಂಬುದನ್ನೂ ಮರೆಯಬಾರದು. ಕಾಗದ ಕೊಳ್ಳುವ ಹಣ, ಬರೆಯುವ ಏಕಾಂತ, ಗ್ರೀಕ್ ಕಲಿಯುವ ಅವಕಾಶ, ಕೊನೆಗೆ ಬಚ್ಚಿಡಲು ಮರದ ಹಲಗೆ ಹೊದಿಸಿದ ಗೋಡೆಯಿರುವ ಮನೆ.

ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಸಿಕ್ಕ ಕಾಗದದ ಕಾದಂಬರಿಗಳು ಸಾಮಾನ್ಯವಾಗಿ ಪೆಟ್ಟಿಗೆ ಇದ್ದವರ ಕಥೆಯನ್ನು ಹೇಳುತ್ತವೆ. ಇನ್ನೊಬ್ಬರು ಇದ್ದೇ ಇರುತ್ತಾರೆ, ಪ್ರೇಮಕ್ಕೆ ಇಬ್ಬರು ಬೇಕಲ್ಲ.

ಲಿಸ್ಟರ್ ದಿನಚರಿಯ ಉಳಿದುಬಂದಿರುವ ಮೊದಲ ನಮೂದು 1806ರ ಆಗಸ್ಟ್ 11ರದ್ದು. ಎಲೈಜಾ ನಮ್ಮನ್ನು ಬಿಟ್ಟು ಹೊರಟಳು ಎಂದು ಅದರ ಆರಂಭ. ಈ ಎಲೈಜಾ ರೇನ್ ಹುಟ್ಟಿದ್ದು ಮದ್ರಾಸಿನಲ್ಲಿ, 1791ರಲ್ಲಿ. ತಂದೆ ವಿಲಿಯಂ ರೇನ್ ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯ, ತಾಯಿ ಭಾರತೀಯಳು. ಅವಳು ಹುಟ್ಟಿದ ವರ್ಷವೇ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿನ ಕೋಟೆಯನ್ನು ಹಿಡಿದಿತ್ತು. ಕಂಪನಿಯ ವೈದ್ಯರು ಯಾರ ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದರೆಂದು ನಮಗೆ ಬೇರೆ ಹೇಳಬೇಕಾಗಿಲ್ಲ. ತಂದೆ ಸತ್ತ ಮೇಲೆ ಎಲೈಜಾ ಮತ್ತು ಅವಳ ಅಕ್ಕ ಜೇನ್, ತಂದೆಯ ಸಹೋದ್ಯೋಗಿಯಾಗಿದ್ದ ವೈದ್ಯನ ಪೋಷಣೆಯಲ್ಲಿ ಯಾರ್ಕ್ ನಗರದಲ್ಲಿ ಬೆಳೆದರು. ತಲೆಗೆ ನಾಲ್ಕು ಸಾವಿರ ಪೌಂಡಿನ ಪಾಲು ಇತ್ತು. ಯಾರ್ಕ್‌ನ ಹೆಣ್ಣುಮಕ್ಕಳ ಶಾಲೆಯೊಂದರ ಮೇಲಂತಸ್ತಿನ, ಇಳಿಜಾರು ಸೂರಿನ ಕೋಣೆಯಲ್ಲಿ ಹದಿನಾಲ್ಕು ವರ್ಷದ ಎಲೈಜಾ ಮತ್ತು ಅದೇ ವಯಸ್ಸಿನ ಆನ್ ಜೊತೆಯಾದರು. ಒಬ್ಬಳದು ಎಲ್ಲರಿಗಿಂತ ಬೇರೆ ಮೈಬಣ್ಣ, ಇನ್ನೊಬ್ಬಳದು ಎಲ್ಲರಿಗಿಂತ ಬೇರೆ ನಡೆನುಡಿ. ಮುಂದೆ ಶತಮಾನದ ಕಾಲ ಯಾರಿಗೂ ಬಗ್ಗದ ಆ ಸಂಕೇತಲಿಪಿ ಇವರಿಬ್ಬರ ಗೆಳೆತನದಲ್ಲಿ ಮೊಳೆತದ್ದು.

ವಯಸ್ಸಿಗೆ ಬಂದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಬಾಳುತ್ತೇವೆ ಎಂದು ಎಲೈಜಾ ನಂಬಿದ್ದಳು. ಆನ್‌ಗೆ ಬೇರೆ ಗೆಳತಿಯರಾದರು, ಅವರಲ್ಲಿ ಮುಖ್ಯಳಾದವಳು ಮರಿಯಾನಾ ಬೆಲ್‌ಕೂಂಬ್. ಎಲೈಜಾಳ ಮನಸ್ಸು ಕದಡಿತು. 1814ರ ಹೊತ್ತಿಗೆ ಅವಳನ್ನು ಯಾರ್ಕ್ ಬಳಿಯ ಖಾಸಗಿ ಮಾನಸಿಕ ಆಶ್ರಮಕ್ಕೆ ಸೇರಿಸಿದರು. ಅದನ್ನು ನಡೆಸುತ್ತಿದ್ದವರಲ್ಲಿ ಒಬ್ಬ ಮರಿಯಾನಾಳ ತಂದೆ. ಇದನ್ನು ಕಾದಂಬರಿಕಾರ ಹೆಣೆದಿದ್ದರೆ ಸಂಪಾದಕರು ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸು ಕಳುಹಿಸುತ್ತಿದ್ದರು. ಆನ್ ಆಗೊಮ್ಮೆ ಈಗೊಮ್ಮೆ ಹೋಗಿ ನೋಡಿಬರುತ್ತಿದ್ದಳು, ನೋಡಿದ್ದನ್ನು ದಿನಚರಿಯಲ್ಲಿ ಬರೆಯುತ್ತಿದ್ದಳು. ಎಲೈಜಾ ಮತ್ತೆ ಸ್ವತಂತ್ರಳಾಗಲಿಲ್ಲ. ಆನ್ 1840ರಲ್ಲಿ ಜಾರ್ಜಿಯಾ ದೇಶದ ಕುಟಾಯಿಸಿಯಲ್ಲಿ ಜ್ವರದಿಂದ ಸತ್ತಳು. ಎಲೈಜಾ ಅವಳಿಗಿಂತ ಇಪ್ಪತ್ತು ವರ್ಷ ಹೆಚ್ಚು ಬದುಕಿ 1860ರಲ್ಲಿ ತೀರಿಕೊಂಡಳು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಮುಂದೆ ಅವಳ ಹುಟ್ಟೂರಿಗೂ ಅನ್ವಯಿಸಲಿದ್ದ ಹೊಸ ದಂಡಸಂಹಿತೆ ಅಂಗೀಕಾರವಾಯಿತು, 377ನೇ ಕಲಮಿನ ಸಮೇತ.

ಅವಳ ಹರೆಯದ ಪತ್ರಗಳು ಒಂದಷ್ಟು ಉಳಿದಿವೆ. ಅದೂ ಯಾಕೆಂದರೆ ಅವು ಲಿಸ್ಟರ್ ಕಾಗದಗಳ ಜೊತೆಯಲ್ಲಿದ್ದವು. ಆಶ್ರಮದ ನಾಲ್ಕು ದಶಕಗಳು ಅವಳ ಬಾಯಿಂದ ನಮಗೆ ಬರುವುದಿಲ್ಲ. ಎಮ್ಮಾ ಡನಹ್ಯೂ 2023ರಲ್ಲಿ ಪ್ರಕಟಿಸಿದ ಕಾದಂಬರಿ ಕೈಹಾಕುವುದು ಇಲ್ಲಿಗೆ. ಅರ್ಧ ಕಥೆ 1805ರ ಶಾಲೆಯಲ್ಲಿ ನಡೆಯುತ್ತದೆ, ನಡುನಡುವೆ 1815ರಲ್ಲಿ ಆಶ್ರಮದಿಂದ ಎಲೈಜಾ ಆನ್‌ಗೆ ಬರೆಯುವ ಪತ್ರಗಳು ಬರುತ್ತವೆ. ಲೇಖಕಿ ಕಟ್ಟಿಕೊಟ್ಟ ಪತ್ರಗಳು. ಇಲ್ಲಿ 'ಸಿಕ್ಕಿತು' ಎಂಬ ನಾಟಕವಿಲ್ಲ. ಪೆಟ್ಟಿಗೆಯಿಲ್ಲ, ಹಲಗೆಯಿಲ್ಲ, ಪ್ರಾಧ್ಯಾಪಕನಿಲ್ಲ. ಉತ್ತರ ಬಾರದೆ ಹೋದ ಪತ್ರಗಳು ಮಾತ್ರ. ಒಂದರಲ್ಲಿ ಬಯ್ಗುಳ, ಇನ್ನೊಂದರಲ್ಲಿ ಬೇಡಿಕೆ. ನೆನಪು ಎಲ್ಲಿ ನಿಲ್ಲುತ್ತದೆ, ಕಲ್ಪನೆ ಎಲ್ಲಿ ಶುರುವಾಗುತ್ತದೆ ಎಂದು ಓದುಗನಿಗೆ ಕಾಲಡಿಯ ನೆಲ ಗಟ್ಟಿಯಾಗುವುದೇ ಇಲ್ಲ. ಶಾಲೆಯ ಭಾಗ ನನಗೆ ಸ್ವಲ್ಪ ಉದ್ದವೆನಿಸಿತು. ಪಾಠ, ಊಟ, ಶಿಕ್ಷೆ, ಆಟ, ಎಲ್ಲವನ್ನೂ ಸಂಶೋಧನೆಯ ಶ್ರದ್ಧೆಯಿಂದ ಜೋಡಿಸಿದ್ದಾರೆ, ಕೆಲವು ಕಡೆ ಆ ಶ್ರದ್ಧೆಯೇ ಕಥೆಗೆ ಅಡ್ಡ ನಿಲ್ಲುತ್ತದೆ. ಮದ್ರಾಸಿನ ಬಗ್ಗೆ ಇನ್ನಷ್ಟು ಬೇಕಿತ್ತು. ಸಮುದ್ರ, ಬಿಸಿಲು, ಆಯಾ ಎಂದು ಮುಗಿಸದೆ, ತಾಯಿಯನ್ನು ಬಿಟ್ಟು ಹಡಗು ಹತ್ತಿದ ಮಗುವಿನ ಬಾಯಲ್ಲಿ ಯಾವ ಭಾಷೆ ಒಣಗಿತು ಎಂಬುದನ್ನು ತಮಿಳು ಅಥವಾ ತೆಲುಗು ಬಲ್ಲವರು ಬರೆದಿದ್ದರೆ ಹೇಗಿರುತ್ತಿತ್ತೋ. ಆದರೂ ಪತ್ರಗಳ ಭಾಗ ಓದುವಾಗ, ಸುಳ್ಳು ದಾಖಲೆ ನಿಜಕ್ಕೂ ಬೇಕಾಗುವುದು ಇಂಥ ಕಡೆಗೇ ಎನಿಸಿತು. ಆನ್‌ಳ ಬಾಯಿಗೆ ಮಾತು ತುಂಬುವ ಅಗತ್ಯ ಯಾರಿಗೂ ಇಲ್ಲ, ಆಕೆ ಸಾಕಷ್ಟು ಮಾತಾಡಿ ಹೋಗಿದ್ದಾಳೆ.

ಇದಕ್ಕೆ ಹೊಂದುವ ಒಂದು ನಿಜ ಸಂಗತಿಯೂ ಇದೆ. ಆನ್ ವಾಕರ್, ಅಂದರೆ ಲಿಸ್ಟರ್ ಕೊನೆಯಲ್ಲಿ ಬಾಳಸಂಗಾತಿಯಾಗಿ ಆರಿಸಿಕೊಂಡವಳು, ಬಹಳ ಕಾಲ ಲಿಸ್ಟರ್‌ಳ ದಿನಚರಿಯ ಕಿಟಕಿಯಿಂದ ಮಾತ್ರ ಕಾಣುತ್ತಿದ್ದಳು: ಅಳುಬುರುಕಿ, ರೋಗಿಷ್ಠೆ, ಹಣವಂತೆ. 1843ರಲ್ಲಿ ಅವಳಿಗೂ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಅಧಿಕೃತ ಮುದ್ರೆ ಬಿತ್ತು. ಅವಳೂ ಒಂದು ದಿನಚರಿ ಇಟ್ಟಿದ್ದಳೆಂಬುದು 2020ರಲ್ಲಿ ಗೊತ್ತಾಯಿತು. 1834ರ ಜೂನ್‌ನಿಂದ 1835ರ ಫೆಬ್ರವರಿಯವರೆಗಿನ ಪುಸ್ತಕ, ಹ್ಯಾಲಿಫ್ಯಾಕ್ಸಿನ ದಾಖಲೆ ಸಂಗ್ರಹಾಲಯದಲ್ಲೇ ಬೇರೆ ಕಾಗದಗಳ ನಡುವೆ ಕುಳಿತಿತ್ತು. ಹುಡುಕಿದ್ದು ಆಸಕ್ತ ಓದುಗಿಯೊಬ್ಬರು. ಅದರಲ್ಲಿ ರೋಚಕವಾದದ್ದು ಕಡಿಮೆ. ಪ್ರಯಾಣ, ಭೇಟಿ, ದಿನದ ಕೆಲಸ. ಆದರೆ ಲಿಸ್ಟರ್ ಬರೆದ ಅದೇ ದಿನಗಳನ್ನು ಪಕ್ಕದಲ್ಲಿದ್ದವಳ ಕಣ್ಣಿನಿಂದ ನೋಡುವ ಅವಕಾಶ ಅದರಿಂದ ಮೊದಲ ಬಾರಿಗೆ ಒದಗಿತು.

ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್‌ನ ವಿಷಯಕ್ಕೂ ಬರಬೇಕು, ಯಾಕೆಂದರೆ ಅಲ್ಲಿ ಸುಟ್ಟವನೂ ಬಚ್ಚಿಟ್ಟವನೂ ಒಬ್ಬನೇ. ಇಬ್ಬರು ಗಂಡಸರ ಪ್ರೇಮ ಸುಖಾಂತವಾಗುವ ಕಾದಂಬರಿಯನ್ನು ಅವನು 1913-14ರಲ್ಲೇ ಬರೆದ. ಗೆಳೆಯರು ಓದಿದರು, ಅವನು ತಿದ್ದುತ್ತಲೇ ಇದ್ದ. ಅಚ್ಚಾದದ್ದು 1971ರಲ್ಲಿ, ಅವನು ಸತ್ತ ಮರುವರ್ಷ. ನಡುವೆ 1922ರಲ್ಲಿ, ಭಾರತದ ಕಾದಂಬರಿಯನ್ನು ಮುಂದುವರಿಸಲು ಅಡ್ಡಿಯಾಗುತ್ತಿವೆ ಎಂದು ತನ್ನ ಶೃಂಗಾರದ ಕಥೆಗಳನ್ನು ಕೈಯಾರೆ ಸುಟ್ಟ. 1921ರಲ್ಲಿ ದೇವಾಸ್ ಸಂಸ್ಥಾನದಲ್ಲಿ ಮಹಾರಾಜನ ಆಪ್ತ ಕಾರ್ಯದರ್ಶಿಯಾಗಿದ್ದಾಗ ಕನ್ಹಯ್ಯ ಎಂಬ ಕ್ಷೌರಿಕನೊಡನೆ ಅವನಿಗಿದ್ದ ಸಂಬಂಧದ ಬರಹ ಇನ್ನೂ ತಡವಾಗಿ, 1983ರಲ್ಲಿ ಅಚ್ಚು ಕಂಡಿತು. ಆ ಬರಹ ಓದುವುದು ಕಷ್ಟ. ತನ್ನ ಮೇಲೆ ತಾನೇ ಹೇಸಿಕೊಳ್ಳುವ ಪ್ರಾಮಾಣಿಕತೆ ಅದರಲ್ಲಿದೆ. ಆ ಹುಡುಗನನ್ನು ದಂಡಿಸಿದ, ಅವನ ಮೇಲೆ ತನ್ನ ಅಧಿಕಾರದ ರುಚಿ ನೋಡಿದ ಎಂಬುದನ್ನು ಫಾರ್ಸ್ಟರ್ ಮುಚ್ಚಿಡುವುದಿಲ್ಲ. ಡೇಮನ್ ಗಾಲ್ಗಟ್ 2014ರಲ್ಲಿ ಫಾರ್ಸ್ಟರ್‌ನ ಈ ವರ್ಷಗಳನ್ನು ಕಾದಂಬರಿ ಮಾಡಿದಾಗ ಅದೆಲ್ಲವನ್ನೂ ಬಹಳ ಸಂಯಮದಿಂದ ಬಳಸಿಕೊಂಡ. ನಾನು ಮೆಚ್ಚಿ ಓದಿದ ಪುಸ್ತಕ ಅದು. ಆದರೂ ಕ್ಯಾಮೆರಾ ಯಾವಾಗಲೂ ಫಾರ್ಸ್ಟರ್‌ನ ಹೆಗಲ ಮೇಲೆಯೇ. ಕನ್ಹಯ್ಯನಿಗೆ ದಿನಚರಿಯಿರಲಿಲ್ಲ. ಅವನು ಮನೆಗೆ ಹೋಗಿ ಹೆಂಡತಿಗೋ ಗೆಳೆಯನಿಗೋ ಈ ದೊರೆಯ ಬಗ್ಗೆ ಏನು ಹೇಳಿ ನಕ್ಕನೋ, ಅಥವಾ ನಗಲಿಲ್ಲವೋ.

ಕನ್ನಡದಲ್ಲಿ ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಜೇಡರ ದಾಸಿಮಯ್ಯನ ವಚನ ಹೇಳುತ್ತಾರೆ: 'ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ.' ಅದ್ಭುತ ಸಾಲುಗಳು, ಓಲೆಗಳನ್ನು ಊರೂರು ಅಲೆದು ಕೂಡಿಸಿದ ಫ. ಗು. ಹಳಕಟ್ಟಿಯವರಂಥವರ ಶ್ರಮದಿಂದಲೇ ವಚನಗಳು ನಮ್ಮ ಕೈಗೆ ಬಂದವು. ಆದರೆ ದಾಸಿಮಯ್ಯ ಆತ್ಮದ ಬಗ್ಗೆ ಹೇಳುತ್ತಿದ್ದಾನೆ. ಅದನ್ನು ಸಾಕ್ಷಿಯ ಕಟಕಟೆಗೆ ಎಳೆತಂದು 'ನೋಡಿ, ನಮ್ಮಲ್ಲೂ ಇತ್ತು' ಎನ್ನುವಾಗ ನನಗೆ ಕಸಿವಿಸಿಯಾಗುತ್ತದೆ. ಇತ್ತು ಎಂಬುದಕ್ಕೆ ವಚನ ಬೇಕಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಹಿಡಿದು ಕೊಡ ಹೊತ್ತು ಹಾಡುವ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗತಿಯರು ಇದ್ದಾರೆ, ಇದ್ದರು. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ವಸುಧೇಂದ್ರ 'ಮೋಹನಸ್ವಾಮಿ' ಬರೆದು ಹತ್ತು ವರ್ಷಗಳ ಮೇಲಾಯಿತು. ಈ ಕಾಲದ ಬದುಕು ಕನ್ನಡದ ಪುಟಗಳಿಗೆ ಬಂದಿದೆ, ಬದುಕಿದವರ ಕೈಯಿಂದಲೇ ಬಂದಿದೆ.

ಹಿಂದಿನ ಕಾಲದ್ದು ಬರುವಾಗ ಹೇಗೆ ಬರಬೇಕು ಎಂಬುದರಲ್ಲಿ ನನಗೆ ಆಸೆಯೂ ಇದೆ, ಭಯವೂ ಇದೆ. ಭಯವೇನೆಂದರೆ, ಯಾರೋ ವಿಜಯನಗರದ ಅಂತಃಪುರದಲ್ಲೋ ಮೈಸೂರಿನ ಅರಮನೆಯಲ್ಲೋ ತಾಮ್ರದ ಪೆಟ್ಟಿಗೆಯೊಂದನ್ನು ತೆರೆಸುತ್ತಾರೆ, ಅದರಿಂದ ಮುತ್ತಿನಂಥ ಹಳಗನ್ನಡದಲ್ಲಿ ರಾಣಿಯೊಬ್ಬಳ ಪ್ರೇಮಪತ್ರ ಹೊರಬರುತ್ತದೆ, ಅದು ನಮ್ಮ ಇಂದಿನ ಒಳ್ಳೆಯ ಮನಸ್ಸಿಗೆ ತಕ್ಕ ಹಾಗೆ ಎಲ್ಲವನ್ನೂ ಹೇಳಿಬಿಡುತ್ತದೆ. ನಾನು ಕಾಯುತ್ತಿರುವುದು ಅಂತಃಪುರದ ಹೊರಗಿನವರಿಗಾಗಿ. ಅರ್ಥಶಾಸ್ತ್ರದ ಆ ದಂಡ ಕಟ್ಟಿದವನು, ಕಂಪನಿಯ ವೈದ್ಯನ ಮನೆಯಿಂದ ಮಗಳನ್ನು ಹಡಗಿಗೆ ಕಳುಹಿಸಿ ಮದ್ರಾಸಿನಲ್ಲೇ ಉಳಿದ ತಾಯಿ, ದೇವಾಸಿನ ಕ್ಷೌರಿಕ. ಇವರ ಬಳಿ ಪೆಟ್ಟಿಗೆ ಇತ್ತೆಂದು ಬರೆದರೆ ನಾನು ನಂಬುವುದಿಲ್ಲ. ಜೋಗತಿಯ ಹಾಡಿನಲ್ಲಿ ಒಂದು ಸಾಲು ಪ್ರತಿ ತಲೆಮಾರಿಗೂ ಬದಲಾಗುತ್ತಾ ಬಂದು, ಮೊದಲು ಯಾರ ಹೆಸರಿತ್ತು ಎಂಬುದೇ ಮರೆತುಹೋದ ಕಥೆ ಬರೆದರೆ ನಂಬುತ್ತೇನೆ. ಬರೆಯುವವರು ಯಾರೇ ಇರಲಿ, ಪ್ರಕಾಶಕರು ಮುಖಪುಟಕ್ಕೆ ಓಲೆಗರಿಯ ಚಿತ್ರ ಹಾಕೋಣ ಎಂದಾಗ ಸ್ವಲ್ಪ ಜಗಳವಾಡಲಿ.